ಅಮಿನಿ ದ್ವೀಪದ ನಾಲ್ಕು ದಿನ, ಬೈರಮಂಗಲದ ಒಂದು ಕೆರೆ

ಮೊನ್ನೆ ಇಶಾ ನಮಾಝ್ ಮುಗಿಸಿ ಹೊರಗೆ ಬರುವಾಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಚಪ್ಪಲಿ ಇಡುವ ಜಾಗದಲ್ಲಿ ಕಾದು ನಿಂತಿದ್ದ. ಈಗ ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದಾನೆ. “ಹಜ್ರತ್, ಪರೀಕ್ಷೆ ಮುಗಿದ ಮೇಲೆ ನಾವು ಐದು ಜನ ಫ್ರೆಂಡ್ಸ್ ಲಕ್ಷದ್ವೀಪಕ್ಕೆ ಹೋಗೋಣ ಅಂತಿದ್ದೀವಿ. ನೀವು ಹೋಗಿದ್ರಂತಲ್ಲ?” ಎಂದ. ನಮ್ಮ ಮಂಗಳೂರು ಕಡೆ ಉಸ್ತಾದ್ ಎಂದು ಕರೆಸಿಕೊಳ್ಳುವ ನಾವು ಇಲ್ಲಿ ಬೈರಮಂಗಲಕ್ಕೆ ಬಂದ ಮೇಲೆ ಹಜ್ರತ್ ಆಗಿದ್ದೇವೆ.

ಹೌದು, ಹೋಗಿದ್ದೆವು. ಇಪ್ಪತ್ತೈದು ವರ್ಷಗಳೇ ಆದವು. ಆಗ ನಾವು ದರ್ಸ್‌ನಲ್ಲಿ ಕಿತಾಬ್ ಓದುತ್ತಿದ್ದ ಹುಡುಗರು. ದರ್ಸ್‌ನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಊರಿನ ಹೆಸರೇ ಆಳಿನ ಹೆಸರು. ಹಾಗೆ ನಮ್ಮ ಜೊತೆ ‘ಅಮಿನಿ’ ಅಂತ ಒಬ್ಬನಿದ್ದ. ಅಮಿನಿ ಲಕ್ಷದ್ವೀಪದ ಒಂದು ದ್ವೀಪ. ಶಅಬಾನ್ ರಜೆಯಲ್ಲಿ “ನಮ್ಮ ಮನೆಗೆ ಬನ್ನಿ, ಪರ್ಮಿಟ್ ನಾನು ಮಾಡಿಸ್ತೇನೆ” ಅಂದ. ನಾವು ಮೂವರು ಹೊರಟೇಬಿಟ್ಟೆವು. ಪಾಸ್‌ಪೋರ್ಟ್ ಬೇಡ, ನಮ್ಮದೇ ದೇಶ. ಆದರೆ ಪರ್ಮಿಟ್ ಇಲ್ಲದೆ ಹೊರಗಿನವರು ಅಲ್ಲಿ ಕಾಲಿಡುವ ಹಾಗಿಲ್ಲ.

ಕೊಚ್ಚಿಯಿಂದ ಹಡಗು. ಹೆಸರು ನೋಡಿದರೆ ‘ಎಂ.ವಿ. ಟಿಪ್ಪು ಸುಲ್ತಾನ್’! ಆಗ ಅದು ಲಕ್ಷದ್ವೀಪದ ದಾರಿಯಲ್ಲಿ ಓಡುತ್ತಿತ್ತು. ಸಂಜೆ ಹತ್ತಿದವರು ಮರುದಿನ ಮಧ್ಯಾಹ್ನದವರೆಗೆ ನೀರು ಬಿಟ್ಟು ಬೇರೇನೂ ಕಾಣಲಿಲ್ಲ. ನಮ್ಮಲ್ಲೊಬ್ಬ ವಾಂತಿ ಮಾಡಿ ಸುಸ್ತಾಗಿ ಮಲಗಿದ. ಉಳಿದವರು ಕಸರ್ ನಮಾಝಿನ ಮಸಲೆ ಹಿಡಿದು ಜಗಳವಾಡಿದೆವು. ಪೂರ್ತಿ ನಾಲ್ಕು ದಿನ ಉಳಿಯುವ ನಿಯ್ಯತ್ ಇದ್ದರೆ ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ತಲುಪಿದ ಮೇಲೆ ಕಸರ್ ಇಲ್ಲ. ವಾಪಸ್ ಹಡಗು ಯಾವಾಗ ಬರುತ್ತೋ ಗೊತ್ತಿಲ್ಲದಿದ್ದರೆ? ಅಲ್ಲಿಂದ ಶುರುವಾದ ವಾದ ದ್ವೀಪ ಕಾಣುವವರೆಗೂ ಮುಗಿಯಲಿಲ್ಲ.

ಹಡಗು ದಡಕ್ಕೆ ಹೋಗುವುದಿಲ್ಲ. ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಅಲೆ ದೋಣಿಯನ್ನು ಎತ್ತಿದ ಗಳಿಗೆಗೆ ಸರಿಯಾಗಿ ಜಿಗಿಯಬೇಕು, ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿ ಜಿಗಿದೆವು. ದಿಬ್ಬ ದಾಟಿ ಒಳಗೆ ಬಂದರೆ ಸಮುದ್ರವೇ ಬೇರೆ. ಅಲೆಯಿಲ್ಲ, ನೀರು ಹಸಿರುನೀಲಿ, ಕೆಳಗೆ ಓಡಾಡುವ ಮೀನು ದೋಣಿಯಿಂದಲೇ ಕಾಣುತ್ತದೆ.

ಅಮಿನಿ ಎರಡೂವರೆ ಚದರ ಕಿಲೋಮೀಟರಿನಷ್ಟು ದ್ವೀಪ. ಒಂದು ಹೊತ್ತಿನಲ್ಲಿ ಸುತ್ತಿ ಬರಬಹುದು. ಎಲ್ಲಿ ನೋಡಿದರೂ ತೆಂಗು. ನಾಯಿ ಬೊಗಳುವ ಸದ್ದಿಲ್ಲ, ಆ ದ್ವೀಪಗಳಲ್ಲಿ ನಾಯಿಗಳೇ ಇಲ್ಲ. ಅವರಾಡುವ ಜೆಸರಿ ಮಾತು ಮಲಯಾಳಂನ ಮಗಳು. ನಮ್ಮ ಬ್ಯಾರಿ ಭಾಷೆ ಗೊತ್ತಿದ್ದವರಿಗೆ ಎರಡನೇ ದಿನಕ್ಕೇ ಕಿವಿಗೆ ಒಗ್ಗಿತು. ಗೆಳೆಯನ ಮನೆಯಲ್ಲಿ ಅವನ ಉಮ್ಮಾಮನೇ ಯಜಮಾನಿ. ಅಲ್ಲಿ ತರವಾಡಿನ ಆಸ್ತಿ ಹೆಣ್ಣಿನ ಕಡೆಯಿಂದ ಬರುವ ಪದ್ಧತಿ. ನಮ್ಮ ಬ್ಯಾರಿ ಹಿರಿಯರೂ ಒಂದು ಕಾಲದಲ್ಲಿ ಇಂಥ ಕಟ್ಟಳೆಯ ಪಕ್ಕದಲ್ಲೇ ಬದುಕಿದವರಲ್ಲವೇ!

“ಮಂಗಳೂರಿನವರಾ?” ಅಂತ ಉಮ್ಮಾಮ ನಮ್ಮ ಕೈ ಹಿಡಿದುಕೊಂಡರು. ಅವರ ಗಂಡ ತೆಂಗಿನ ನಾರಿನ ಹಗ್ಗ, ಕೊಬ್ಬರಿ ತುಂಬಿಕೊಂಡು ಹಾಯಿ ದೋಣಿಯಲ್ಲಿ ಮಂಗಳೂರು ಬಂದರಿಗೆ ಬಂದು ಅಕ್ಕಿ ಒಯ್ಯುತ್ತಿದ್ದರಂತೆ. ಇದು ಬರಿಯ ವ್ಯಾಪಾರದ ನಂಟಲ್ಲ. 1783ರಲ್ಲಿ ಅಮಿನಿಯ ಕೆಲವರು ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತು ಮಂಗಳೂರಿಗೆ ಬಂದು, ನಮ್ಮನ್ನು ನಿಮ್ಮ ಆಳ್ವಿಕೆಗೆ ತೆಗೆದುಕೊಳ್ಳಿ ಎಂದು ಟಿಪ್ಪು ಸುಲ್ತಾನರಲ್ಲಿ ಕೇಳಿಕೊಂಡರು. ಆಮೇಲೆ ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾತ್, ಬಿತ್ರ ಈ ಐದೂ ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಕೈಗೆ ಹೋದವು, ಆಡಳಿತ ಮಾತ್ರ ಮಂಗಳೂರಿನಿಂದಲೇ ನಡೆಯಿತು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಅವು ನಮ್ಮ ದಕ್ಷಿಣ ಕನ್ನಡದ ಜೊತೆಗಿದ್ದವು.

ಎರಡನೇ ದಿನ ಒಂದು ತಪ್ಪು ಮಾಡಿದೆವು. ಸಮುದ್ರದಲ್ಲಿ ಈಜಿ ಮೈಯೆಲ್ಲಾ ಉಪ್ಪು. ಮನೆಯ ಹಿಂದಿನ ಬಾವಿ ಕಟ್ಟೆಯಲ್ಲಿ ಬಕೆಟ್ ಮೇಲೆ ಬಕೆಟ್ ಸೇದಿ, ಸೋಪು ಹಚ್ಚಿ, ನಗುತ್ತಾ ತಲೆ ಮೇಲೆ ಸುರಿದುಕೊಂಡೆವು. ಉಮ್ಮಾಮ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಅತಿಥಿಗಳಲ್ಲವಾ, ಏನೂ ಹೇಳಲಿಲ್ಲ. ಮರುದಿನ ಸುಬಹ್ ಆದ ಮೇಲೆ ಗೆಳೆಯ ನಮ್ಮನ್ನು ಅದೇ ಬಾವಿಯ ಹತ್ತಿರ ಕರೆದುಕೊಂಡು ಹೋದ. ನಿಮ್ಮೂರಿನ ಬಾವಿಯ ಹಾಗೆ ಆಳಕ್ಕೆ ಹೋಗುವ ಬಾವಿ ಅಲ್ಲ ಇದು ಅಂದ. ಮಳೆ ನೀರು ಹವಳದ ಮರಳಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಸಮುದ್ರ ಏರಿದರೆ ಬಾವಿಯ ನೀರೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಸೋಪು ನೀರು ಸುರಿದರೆ ನೇರ ಬಾವಿಗೇ. ದ್ವೀಪದಲ್ಲಿ ಹೊಳೆಯಿಲ್ಲ, ತೋಡಿಲ್ಲ. ಇದು ಹೋದರೆ ಬೇರೆ ಇಲ್ಲ.

ನಾವು ತಲೆ ತಗ್ಗಿಸಿದೆವು. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದು ಎಂಬ ಹದೀಸ್ ಅರ್ಥ ಸಮೇತ ಓದಿದ್ದವರು ನಾವೇ. ಉಮ್ಮಾಮ ಕಿತಾಬ್ ಓದಿದವರಲ್ಲ. ಅವರು ಒಂದು ಚಿಕ್ಕ ತಂಬಿಗೆಯಲ್ಲಿ ವುಝೂ ಮುಗಿಸಿ ಉಳಿದ ಗುಟುಕನ್ನು ಬಾಳೆಬುಡಕ್ಕೆ ಹಾಕುತ್ತಿದ್ದರು.

ಮೂರನೇ ದಿನ ದೋಣಿಯಲ್ಲಿ ಪಕ್ಕದ ಕಡ್ಮತ್‌ಗೆ ಹೋದೆವು. ಉದ್ದಕ್ಕೆ ಚಾಚಿದ ದ್ವೀಪ, ಕೆಲವು ಕಡೆ ನಿಂತಲ್ಲಿಂದಲೇ ಎರಡೂ ಬದಿಯ ಸಮುದ್ರ ಕಾಣುತ್ತದೆ. ಮಧ್ಯಾಹ್ನ ಅನ್ನ, ಚೂರೆ ಮೀನಿನ ಸಾರು. ನಮ್ಮಲ್ಲೊಬ್ಬ ಹವಳದ ಒಂದು ತುಂಡು ಚೀಲಕ್ಕೆ ಹಾಕಿಕೊಂಡಿದ್ದ. ಹೊರಡುವ ದಿನ ಗೆಳೆಯ ಅದನ್ನು ತೆಗೆಸಿ ಸಮುದ್ರಕ್ಕೇ ವಾಪಸ್ ಹಾಕಿಸಿದ. ಉಮ್ಮಾಮ ಕೊಟ್ಟ ಮಾಸ್ ಮೀನು, ತೆಂಗಿನ ಬೆಲ್ಲದ ಉಂಡೆ ಮಾತ್ರ ಊರಿಗೆ ಬಂತು.

ಆ ಗೆಳೆಯ ಕಳೆದ ವರ್ಷ ಮಗಳ ಕಾಲೇಜಿನ ಕೆಲಸಕ್ಕೆ ಬೆಂಗಳೂರಿಗೆ ಬಂದವನು ನಮ್ಮನ್ನು ಹುಡುಕಿಕೊಂಡು ಬೈರಮಂಗಲಕ್ಕೂ ಬಂದ. ಬೈಕ್‌ನಲ್ಲಿ ಕರೆದುಕೊಂಡು ಬರುವಾಗ ದೂರದಿಂದ ಕೆರೆ ಹೊಳೆಯಿತು. “ಮಾಶಾ ಅಲ್ಲಾಹ್! ಇಷ್ಟು ನೀರಾ? ಗಾಡಿ ನಿಲ್ಲಿಸು, ಅಸರ್‌ಗೆ ಇಲ್ಲೇ ವುಝೂ ಮಾಡೋಣ” ಅಂದ. ನಮಗೆ ಬಾಯಿ ಬರಲಿಲ್ಲ. ಹತ್ತಿರ ಹೋದ ಹಾಗೆ ವಾಸನೆ ಅವನಿಗೇ ಉತ್ತರ ಹೇಳಿತು. ಅವನು ಮೂಗಿಗೆ ಟವೆಲ್ ಹಿಡಿದುಕೊಂಡು ಸ್ವಲ್ಪ ಹೊತ್ತು ನೊರೆ ನೋಡುತ್ತಾ ನಿಂತ. ಆಮೇಲೆ “ಹೋಗೋಣ” ಅಂದ, ಅಷ್ಟೇ.

1940ರ ದಶಕದಲ್ಲಿ ಈ ಜಲಾಶಯ ಕಟ್ಟಿದ್ದು ರೈತರ ಹೊಲಕ್ಕೆ. ಬಸವನಗುಡಿಯ ಕಡೆ ಹುಟ್ಟುವ ವೃಷಭಾವತಿ ಕೆಂಗೇರಿ ದಾಟಿ ಇಲ್ಲಿಗೆ ಬರುತ್ತದೆ. ಬರುವಾಗ ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ನೀರು ಎಲ್ಲವನ್ನೂ ಹೊತ್ತು ತರುತ್ತದೆ. ಮುಂದೆ ಅರ್ಕಾವತಿ, ಅದರ ಮುಂದೆ ಸಂಗಮದಲ್ಲಿ ಕಾವೇರಿ. ಕೆರೆಯ ಪಕ್ಕದಲ್ಲೇ ಮನೆ, ಕುಡಿಯಲು ಮಾತ್ರ ಕ್ಯಾನ್ ನೀರು. ಅತ್ತ ದ್ವೀಪದವರಾದರೋ ಉಪ್ಪು ಸಮುದ್ರದಿಂದಲೇ ಸಿಹಿನೀರು ತೆಗೆಯುತ್ತಿದ್ದಾರೆ. 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕ ಶುರುವಾಯಿತು. ಆಮೇಲೆ ಮಿನಿಕಾಯ್, ಅಗತ್ತಿಗೂ ಬಂತು.

ಮದ್ರಸಾದಲ್ಲಿ ನೀರಿನ ಪಾಠ ಬಂದಾಗ ಮಕ್ಕಳಿಗೆ ಹೇಳಿಕೊಡುತ್ತೇವೆ: ಎಷ್ಟೇ ಹೆಚ್ಚು ನೀರಿದ್ದರೂ ನಜೀಸ್ ಬಿದ್ದು ಬಣ್ಣ, ರುಚಿ, ವಾಸನೆ ಇವುಗಳಲ್ಲಿ ಒಂದು ಕೆಟ್ಟರೂ ಅದರಿಂದ ವುಝೂ ಆಗದು. ಈ ಸಲ ಒಬ್ಬ ಹುಡುಗ ಎದ್ದು ನಿಂತು, “ಹಜ್ರತ್, ಹಾಗಾದ್ರೆ ನಮ್ಮ ಕೆರೆ?” ಅಂದ. ಮಸಲೆಗೆ ಉತ್ತರ ಸುಲಭ. ಕೆರೆ ಕೆಟ್ಟಾಗ ದೊಡ್ಡವರು ಏನು ಮಾಡ್ತಿದ್ರು ಅಂತ ಅವನು ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಮಸೀದಿಯ ಸೋರುವ ನಲ್ಲಿಗಳನ್ನು ಬದಲಿಸಿದ್ದೇವೆ, ವುಝೂ ನೀರನ್ನು ತೆಂಗಿನ ಗಿಡಗಳಿಗೆ ಬಿಟ್ಟಿದ್ದೇವೆ. ಇದರಿಂದ ಕೆರೆ ಸರಿಯಾಗದು. ಶುದ್ಧ ಮಾಡಿದ ನೀರನ್ನೇ ಬಿಡಿ ಎಂದು ಕೇಳುವ ರೈತರ ಜೊತೆ ಜಮಾಅತ್‌ನವರೂ ಹೋಗಿ ನಿಲ್ಲಬೇಕು. ಕೆರೆಗೆ ಜಾತಿ ಮತ ಇಲ್ಲ, ವಾಸನೆಗೂ ಇಲ್ಲ.

ಲಕ್ಷದ್ವೀಪಕ್ಕೆ ಹೊರಟ ಹುಡುಗನಿಗೆ ಹೇಳಿದೆವು: ಮಳೆಗಾಲದಲ್ಲಿ ಸಮುದ್ರ ಜೋರು, ಅದು ಬಿಟ್ಟು ಹೋಗು. ಪರ್ಮಿಟ್ ಮೊದಲೇ ಮಾಡಿಸು, ವಾಪಸ್ ಹಡಗಿನ ಟಿಕೆಟ್ ಸಿಕ್ಕಿದ ಮೇಲೆ ಹೊರಡು. ಪ್ಲಾಸ್ಟಿಕ್ ಒಯ್ದರೆ ಹಾಗೇ ವಾಪಸ್ ತಾ, ಹವಳ ಮುಟ್ಟಬೇಡ. ಸಮುದ್ರದ ಫೋಟೋ ಎಷ್ಟು ಬೇಕಾದರೂ ತೆಗಿ. ಒಂದು ಮನೆಯ ಬಾವಿಯನ್ನೂ ಬಗ್ಗಿ ನೋಡಿ ಬಾ, ಬಂದ ಮೇಲೆ ಒಂದು ದಿನ ಮದ್ರಸಾಕ್ಕೆ ಬಂದು ಮಕ್ಕಳಿಗೆ ಹೇಳು.

“ಬಾವೀನಾ ಹಜ್ರತ್?” ಅಂತ ನಕ್ಕ. ಆಮೇಲೆ ಏನೋ ಯೋಚಿಸಿ, “ಇನ್‌ಶಾ ಅಲ್ಲಾಹ್” ಎಂದು ಬೈಕ್ ಹತ್ತಿದ.