ಆರು ರುಚಿ, ಅರವತ್ತನಾಲ್ಕು ಉಪಗಣ

ದೆಹಲಿಯ ಎನ್‌ಸಿಇಆರ್‌ಟಿ ಪ್ರಕಟಿಸುವ 11ನೇ ತರಗತಿಯ ಗಣಿತ ಪುಸ್ತಕದಲ್ಲಿ ಗಣಗಳದ್ದು ಒಂದು ಪಾಠ, ವಿಕಲ್ಪಗಳದ್ದು ಇನ್ನೊಂದು. ಪಾಠ ಬೇರೆ ಬೇರೆ ಇರೋದರಿಂದ ಸೂತ್ರಗಳನ್ನೂ ಬೇರೆ ಬೇರೆಯಾಗಿ ಉರು ಹೊಡೆಯುವ ವಿದ್ಯಾರ್ಥಿಗಳೇ ಹೆಚ್ಚು. ನಿಜಕ್ಕೂ ಇವು ಒಂದೇ ಎಣಿಕೆಯ ಎರಡು ದಾರಿಗಳು. ಅದು ತಿಳಿದರೆ ಸೂತ್ರ ಮರೆತರೂ ಉತ್ತರ ಕೈತಪ್ಪುವುದಿಲ್ಲ.

ಉದಾಹರಣೆ ನಮ್ಮ ನೆಲದಲ್ಲೇ ಇದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಒಂದು ಲೆಕ್ಕ ಕೇಳುತ್ತಾರೆ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ, ಈ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು?

ಮೊದಲ ದಾರಿ ವಿಕಲ್ಪದ್ದು. ಒಂದೊಂದೇ ರುಚಿ ಆರಿಸಿದರೆ 6. ಎರಡು ಆರಿಸುವಾಗ ಮೊದಲನೆಯದಕ್ಕೆ 6, ಎರಡನೆಯದಕ್ಕೆ 5 ಆಯ್ಕೆ, ಒಟ್ಟು 30. ಆದರೆ ‘ಉಪ್ಪು-ಹುಳಿ’ ಅಂದರೂ ‘ಹುಳಿ-ಉಪ್ಪು’ ಅಂದರೂ ಒಂದೇ ತಾನೇ? ಪ್ರತಿ ಜೋಡಿಯನ್ನೂ ಎರಡು ಸಲ ಎಣಿಸಿದ್ದೇವೆ. ಹಾಗಾಗಿ 30ನ್ನು 2ರಿಂದ ಭಾಗಿಸಬೇಕು, 15. ಮೂರಾದರೆ 6×5×4 ಅಂದರೆ 120. ಮೂರು ರುಚಿಗಳನ್ನು 6 ಕ್ರಮದಲ್ಲಿ ಹೇಳಬಹುದು, ಆದ್ದರಿಂದ 120ನ್ನು 6ರಿಂದ ಭಾಗಿಸಿದರೆ 20. ನಾಲ್ಕನ್ನು ಆರಿಸೋದು ಅಂದರೆ ಎರಡನ್ನು ಬಿಡೋದು, ಮತ್ತೆ 15. ಐದಕ್ಕೆ 6, ಆರಕ್ಕೆ 1. ಎಲ್ಲ ಕೂಡಿದರೆ 63.

ಎರಡನೇ ದಾರಿ ಇನ್ನೂ ಸುಲಭ. ಪ್ರತಿ ರುಚಿಯ ಮುಂದೆ ನಿಂತು ‘ಬೇಕೋ, ಬೇಡವೋ’ ಎಂದು ಕೇಳಿ. ಉತ್ತರ ಎರಡೇ. ಆರು ಸಲ ಕೇಳಿದರೆ 2×2×2×2×2×2, ಅಂದರೆ 64.

ಒಂದು ಎಲ್ಲಿಂದ ಹೆಚ್ಚಾಯಿತು? ಆರಕ್ಕೂ ‘ಬೇಡ’ ಎಂದಾಗ ಉಳಿಯುವ ಶೂನ್ಯಗಣ ಅದು. ಅಡುಗೆಯಲ್ಲಿ ರುಚಿಯೇ ಇಲ್ಲದ ಮಿಶ್ರಣಕ್ಕೆ ಲೆಕ್ಕವಿಲ್ಲ. ಗಣಗಳಲ್ಲಿ ಅದೂ ಒಂದು ಉಪಗಣ.

ಇದೇ ಎಣಿಕೆ ದೂರದ ಮರಾಕೆಶ್‌ನಲ್ಲೂ ನಡೆದಿತ್ತು. 13ನೇ ಶತಮಾನದ ಆರಂಭದವರೆಗೆ ಬದುಕಿದ್ದ ಗಣಿತಜ್ಞ ಇಬ್ನ್ ಮುನ್ಇಮ್, 10 ಬಣ್ಣದ ರೇಷ್ಮೆಯಿಂದ ಎಷ್ಟು ಬಗೆಯ ಕುಚ್ಚು ಕಟ್ಟಬಹುದೆಂದು ಕೋಷ್ಟಕ ಹಾಕಿ ಎಣಿಸಿದರು. ಮೂರು ಬಣ್ಣದ ಕುಚ್ಚುಗಳೇ 120 ಬಗೆ.

ಪರೀಕ್ಷೆ ಬರೆಯುವವರಿಗೆ ಒಂದು ಮಾತು. ‘ಶೂನ್ಯವಲ್ಲದ ಉಪಗಣ’ ಎಷ್ಟು ಎಂದರೂ 63, ‘ಪ್ರಾಪರ್ ಸಬ್‌ಸೆಟ್’ ಎಷ್ಟು ಎಂದರೂ 63. ಮೊದಲನೆಯದರಲ್ಲಿ ಬಿಟ್ಟಿದ್ದು ಶೂನ್ಯಗಣವನ್ನು, ಎರಡನೆಯದರಲ್ಲಿ ಇಡೀ ಗಣವನ್ನು. ಸಂಖ್ಯೆ ಒಂದೇ ಆದರೂ ಹೊರಗುಳಿದದ್ದು ಬೇರೆ. ಎರಡನ್ನೂ ಬಿಡಿ ಎಂದರೆ ಎಷ್ಟಾಗುತ್ತದೆ, ನೀವೇ ಹೇಳಿ.