ಅಳಿಯ ಅಮೆರಿಕದ ಪ್ರಜೆಯಾದರೆ ಮಗಳು?

ತಾಳಿ ಬಿದ್ದ ಮಾತ್ರಕ್ಕೆ ಅಮೆರಿಕದ ಪೌರತ್ವ ಬಂದುಬಿಡುವುದಿಲ್ಲ ಕಣ್ರೀ! ಮದುವೆಯಾಗಿ 2 ವರ್ಷ ತುಂಬುವ ಮೊದಲೇ ಗ್ರೀನ್ ಕಾರ್ಡ್ ದೊರೆತರೆ, ಅದು 2 ವರ್ಷದ ಷರತ್ತಿನ ಕಾರ್ಡು. ಸುಳ್ಳು ಮದುವೆ ತಡೆಯಲು 1986ರಲ್ಲಿ ತಂದ ಕಾನೂನಿದು. ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ-ಹೆಂಡತಿ ಇಬ್ಬರೂ ಸಹಿ ಹಾಕಿ, ಷರತ್ತು ತೆಗೆಯಿರೆಂದು ಅರ್ಜಿ ಕೊಡಬೇಕು. ಜಂಟಿ ಬ್ಯಾಂಕ್ ಖಾತೆ, ಮನೆಯ ಬಾಡಿಗೆ ಕರಾರು ಇಂಥವೇ ಸಾಕ್ಷಿ. ಮದುವೆ ಆಲ್ಬಮ್ ಒಂದೇ ಸಾಲದು.

“ಸಹಿ ಹಾಕಲ್ಲ, ಊರಿಗೆ ಹೋಗು” ಎಂದು ಗಂಡ ಹೆದರಿಸಿದರೆ? ಸಂಸಾರ ಮಾಡಲೆಂದೇ ಮದುವೆಯಾಗಿದ್ದು, ಅವನು ಹೊಡೆದು ಹಿಂಸಿಸಿದರೆ, ಇಲ್ಲವೇ ವಿಚ್ಛೇದನವಾದರೆ, ಅವಳೊಬ್ಬಳೇ ಅರ್ಜಿ ಹಾಕಬಹುದು. ಇದನ್ನು ಮಗಳಿಗೆ ವಿಮಾನ ಹತ್ತುವ ಮೊದಲೇ ಹೇಳಿ.

ಗ್ರೀನ್ ಕಾರ್ಡ್ ಬಂದ ಮೇಲೆ 3 ವರ್ಷ ಅಮೆರಿಕದ ಪ್ರಜೆಯಾದ ಗಂಡನೊಡನೆ ಅಲ್ಲೇ ಬಾಳಿದ್ದರೆ ಪೌರತ್ವ ಕೇಳಬಹುದು. ಇಲ್ಲದಿದ್ದರೆ 5 ವರ್ಷ ಕಾಯಬೇಕು. ಪಾಸ್‌ಪೋರ್ಟು, ಕಾರ್ಡು ಅವಳ ಕೈಯಲ್ಲೇ ಇರಲಿ, ನಕಲು ತೌರಿನ ಬೀರುವಿನಲ್ಲಿ.