ನಾಲ್ಕು ಮಂದಿಗೆ ಒಂದೇ ಸಲ ಕಾಫಿ ಸೋಸುವ ಹೂಜಿ

ಕಾಗದದ ಫಿಲ್ಟರಿನಲ್ಲಿ ಪುಡಿ ಹಾಕಿ, ಮೇಲಿನಿಂದ ಬಿಸಿನೀರು ಸುರಿದು ಸೋಸುವ ಪೋರ್-ಓವರ್ ಕಾಫಿ ಒಬ್ಬರಿಗಾದರೆ ಸುಲಭ. ನೆಂಟರು ಬಂದರೆಂದು ಪುಡಿ, ನೀರು ಎರಡನ್ನೂ ನಾಲ್ಕು ಪಟ್ಟು ಮಾಡಿ ನೋಡಿ: ಕಾಫಿ ಇಳಿಯುವುದೇ ತಡ, ಇಳಿದದ್ದೂ ಕಹಿ, ಒಗರು. ಪುಡಿಯ ಹಾಸು ದಪ್ಪವಾಗಿ, ನೀರು ಅದರಲ್ಲಿ ಹೆಚ್ಚು ಹೊತ್ತು ನಿಂತದ್ದೇ ಕಾರಣ.

ಮರಳಿನ ಹಾಸು ದಪ್ಪವಾದಷ್ಟೂ ನೀರು ನಿಧಾನವಾಗಿ ಇಳಿಯುತ್ತದೆಂಬ ನಿಯಮವನ್ನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲೇ ಲೆಕ್ಕಸಮೇತ ಪ್ರಕಟಿಸಿದ್ದ. ಕಾಫಿಪುಡಿಗೂ ಅದೇ ನಿಯಮ. ನೇರ ಗೋಡೆಯ ಪಾತ್ರೆಯಲ್ಲಿ ಪುಡಿ ಎಂಟು ಪಟ್ಟಾದರೆ ಹಾಸೂ ಎಂಟು ಪಟ್ಟು ದಪ್ಪ. ಆಲಿಕೆಯಲ್ಲಾದರೆ ಎರಡೇ ಪಟ್ಟು. ಹೆಚ್ಚು ಕಾಫಿಗೆ ಆಲಿಕೆಯೇ ಲೇಸು ಎನ್ನುವುದು ಇದಕ್ಕೇ.

ಅಂಥವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಕೆಮೆಕ್ಸ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರಸಾಯನವಿಜ್ಞಾನಿ ಪೀಟರ್ ಶ್ಲುಂಬೋಮ್ 1941ರಲ್ಲಿ ರೂಪಿಸಿದ ಗಾಜಿನ ಹೂಜಿ ಇದು. ಪ್ರಯೋಗಾಲಯದ ಆಲಿಕೆ, ಫ್ಲಾಸ್ಕ್ ಎರಡೂ ಕೂಡಿ ಒಂದೇ ಪಾತ್ರೆಯಾಗಿವೆ. ಕೈ ಸುಡದಂತೆ ನಡುವಿಗೆ ಮರದ ಪಟ್ಟಿ. ಒಂದು ಬದಿಯಲ್ಲಿ ಬಾಯಿಯಿಂದ ಕೆಳಕ್ಕೆ ಇಳಿದ ಕಾಲುವೆಯಂಥ ತೋಡಿಗೆ ಎರಡು ಕೆಲಸ. ಕಾಫಿ ಬಗ್ಗಿಸುವುದು ಅಲ್ಲಿಂದಲೇ. ಕಾಫಿ ಇಳಿಯುವಾಗ ಹೂಜಿಯೊಳಗಿನ ಗಾಳಿ ಹೊರಬೀಳುವುದೂ ಅಲ್ಲಿಂದಲೇ. ಒದ್ದೆ ಕಾಗದ ಆ ತೋಡಿಗೆ ಅಂಟಿ ಮುಚ್ಚಿಕೊಂಡರೆ ಸೋಸುವಿಕೆ ನಿಂತೇಬಿಡುತ್ತದೆ. ಹಾಗಾಗಿ ಮಡಿಸಿದ ಕಾಗದದ ಮೂರು ಪದರದ ಬದಿಯನ್ನೇ ತೋಡಿನ ಕಡೆಗೆ ಇಡಬೇಕು.

ಕೊಳ್ಳುವಾಗ ‘8 ಕಪ್’ ಎಂಬುದನ್ನು ನಮ್ಮ ದೊಡ್ಡ ಮಗ್ಗಿನ ಲೆಕ್ಕದಲ್ಲಿ ಓದಬೇಡಿ. ಅಲ್ಲಿ ಒಂದು ಕಪ್ ಎಂದರೆ 5 ಔನ್ಸ್, ಸುಮಾರು 150 ಮಿ.ಲೀ.; ಒಟ್ಟು 1.2 ಲೀಟರ್. ನಾಲ್ವರಿಗೆ ಧಾರಾಳ. ದಿನವೂ ಕುಡಿಯುವವರು ಒಬ್ಬಿಬ್ಬರೇ ಆದರೆ ಚಿಕ್ಕದೇ ಸಾಕು: ದೊಡ್ಡ ಆಲಿಕೆಗೆ ಚೂರೇ ಪುಡಿ ಹಾಕಿದರೆ ಹಾಸು ತೆಳುವಾಗಿ ಕಾಫಿ ಸಪ್ಪೆಯಾಗುತ್ತದೆ.

ಲೀಟರ್ ನೀರಿಗೆ 60 ಗ್ರಾಂ ಪುಡಿ ಒಳ್ಳೆಯ ಆರಂಭ. ಡಿಕಾಕ್ಷನ್ನಿಗೆಂದು ತಂದ ಚಿಕೋರಿ ಬೆರಕೆಯ ಪುಡಿಯನ್ನೇ ಇದಕ್ಕೂ ಸುರಿಯಬೇಡಿ, ಕಾಗದ ಕಟ್ಟಿಕೊಳ್ಳುತ್ತದೆ. ಚಿಕೋರಿಯಿಲ್ಲದ ಬೀಜವನ್ನು ಉಪ್ಪಿಟ್ಟಿನ ರವೆಯಷ್ಟು ತರಿಯಾಗಿ ಬೀಸಿಕೊಡಿ ಎಂದು ಅಂಗಡಿಯಲ್ಲಿ ಕೇಳಿ.